‘ನನಗೆ ಹೊಳೆದಿರಲಿಲ್ಲ’ ಎಂಬ ಸಹಿ

ಕೋಲಾರ ಜಿಲ್ಲೆಯಲ್ಲಿ ‘ಇದು ನನಗೆ ಹೊಳೆದಿರಲಿಲ್ಲ’ ಎಂದು ಬರೆದುಕೊಡುವ ಮೂರು ಜನರನ್ನು ಹುಡುಕಿಕೊಂಡು ನಾನು ಐದು ವಾರ ಅಲೆದಿದ್ದೇನೆ. ಅಕ್ಕ ಮೂರೇ ವಾರ ಅನ್ನುತ್ತಾಳೆ. ಅವಳು ಹೇಳಿದ್ದೇ ಸರಿ ಇರಬಹುದು. ನನ್ನ ನೆನಪಿನ ಮೇಲೆ ನನಗೀಗ ಮೊದಲಿನಷ್ಟು ವಿಶ್ವಾಸ ಉಳಿದಿಲ್ಲ, ಅದು ಹೋದದ್ದೂ ಈ ಅಲೆದಾಟದಲ್ಲೇ.

ಅಲೆದದ್ದು ಭಾವನಿಗಾಗಿ. ಭಾವ ಐಟಿಐ ಓದಿದವರು, ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಹೋಳೂರಿನ ಪಕ್ಕ ಅವರದು ಒಂದೂವರೆ ಎಕರೆ ಜಮೀನು. ಅದರಲ್ಲಿ ಟೊಮೇಟೊ, ಮೂಲೆಯಲ್ಲಿ ಕೃಷಿ ಹೊಂಡ, ಹೊಂಡದಿಂದ ಗಿಡಗಳಿಗೆ ಡ್ರಿಪ್ ನೀರಾವರಿ. ಹೊಂಡದ ನೀರಿನಲ್ಲಿ ಪಾಚಿ. ಪಾಚಿ ಫಿಲ್ಟರಿನ ಜಾಲರಿಗೆ ಕಟ್ಟಿಕೊಂಡರೆ ಗಿಡಕ್ಕೆ ನೀರು ಹೋಗುವುದಿಲ್ಲ. ಆಗ ಮೋಟಾರು ನಿಲ್ಲಿಸಿ, ಫಿಲ್ಟರಿನ ಮುಚ್ಚಳ ತಿರುಗಿಸಿ ಬಿಚ್ಚಿ, ಜಾಲರಿ ತೊಳೆದು, ಮತ್ತೆ ಜೋಡಿಸಿ, ಮೋಟಾರು ಹಾಕಬೇಕು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಹೋಗಿರುತ್ತದೆ. ನಮ್ಮ ಕಡೆ ಡ್ರಿಪ್ ಇರುವ ಪ್ರತಿಯೊಂದು ಮನೆಯಲ್ಲೂ ದಿನಾ ಯಾರೋ ಒಬ್ಬರು ಈ ಕೆಲಸ ಮಾಡುತ್ತಾರೆ, ಮಾಡುತ್ತ ಯಾರನ್ನೋ ಬೈಯುತ್ತಾರೆ.

ಭಾವ ಮಾಡಿದ ಫಿಲ್ಟರಿನಲ್ಲಿ ಬಿಚ್ಚುವ ಕೆಲಸವಿಲ್ಲ. ಒಳಗಿನ ಜಾಲರಿ ಒಂದು ತಟ್ಟೆಯ ಹಾಗಿದ್ದು, ನಡುವಿಗಿಂತ ತುಸು ಪಕ್ಕಕ್ಕೆ ಹಾದ ಕಂಬಿಯ ಮೇಲೆ ಕೂತಿದೆ. ಪಾಚಿ ಕಟ್ಟಿದಷ್ಟೂ ಅದರ ಮೇಲೆ ನೀರಿನ ಒತ್ತಡ ಹೆಚ್ಚುತ್ತದೆ. ಒಂದು ಹಂತ ದಾಟಿದಾಗ ಆ ಒತ್ತಡವೇ ತಟ್ಟೆಯನ್ನು ಮಗುಚಿ ಹಾಕುತ್ತದೆ. ಈಗ ನೀರು ಜಾಲರಿಯ ಬೆನ್ನಿಗೆ ಬಡಿದು, ಮುಖದ ಮೇಲಿದ್ದ ಪಾಚಿಯನ್ನು ಕಿತ್ತು, ಪಕ್ಕದ ಸಣ್ಣ ಪೈಪಿನಿಂದ ಆಚೆ ಹಾಕುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ. ಕಸವೇ ಕಸ ಗುಡಿಸಿದ ಹಾಗೆ.

ಇದಕ್ಕೆ ಭಾವ ಪೇಟೆಂಟಿಗೆ ಅರ್ಜಿ ಹಾಕಿದರು. ಕಾರ್ಖಾನೆಯಲ್ಲಿ ಅವರು ಎರಡು ಸಲ ಯಂತ್ರಗಳಿಗೆ ಸುಧಾರಣೆ ಹೇಳಿಕೊಟ್ಟಿದ್ದರು. ಎರಡು ಸಲವೂ ಹೂಗುಚ್ಛ ಹಿಡಿದು ಫೋಟೊಗೆ ನಿಂತವರು ಇಂಜಿನಿಯರುಗಳು. ಭಾವ ಆ ಫೋಟೊ ತೆಗೆಯಲು ಲೈಟು ಸರಿಮಾಡಿಕೊಟ್ಟರಂತೆ. “ಇದೊಂದ್ರಲ್ಲಾದ್ರೂ ನನ್ ಹೆಸರು ಬರ್ಲಿ ಕಣಯ್ಯಾ. ಅಷ್ಟೇ ನನಗೆ ಬೇಕಾಗಿರೋದು,” ಎಂದಿದ್ದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡದೆ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದರು.

ಅರ್ಜಿಗೆ ಬಹಳ ದಿನದ ಮೇಲೆ ಪರೀಕ್ಷಕರ ವರದಿ ಬಂತು. ಇಂಗ್ಲಿಷಿನಲ್ಲಿ ಏನು ಬಂದರೂ ನಮ್ಮ ಮನೆಯಲ್ಲಿ ನನ್ನ ಕಡೆ ತಳ್ಳುತ್ತಾರೆ, ಶಾಂಪೂ ಬಾಟಲಿಯ ಹಿಂದೆ ಬರೆದಿರುವುದನ್ನೂ ಸೇರಿಸಿ. ನಾನು ಭೌತಶಾಸ್ತ್ರದ ಎಂ.ಎಸ್ಸಿ.; ಮಾಲೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡಿ, ಪ್ರಿನ್ಸಿಪಾಲರ ಜೊತೆ ವಾದ ಮಾಡಿ ಬಿಟ್ಟು, ಶ್ರೀನಿವಾಸಪುರದಲ್ಲಿ ಅದೇ ಎರಡನ್ನೂ ಮಾಡಿ, ಈಗ ಕೋಲಾರದಲ್ಲಿದ್ದೇನೆ. ವರದಿ ಎರಡು ಹಳೆಯ ದಾಖಲೆಗಳನ್ನು ತೋರಿಸಿತ್ತು. ಒಂದರಲ್ಲಿ ಎರಡೂ ಮೈಯಿಂದ ತೊಳೆಯಬಹುದಾದ ಜಾಲರಿ. ಇನ್ನೊಂದರಲ್ಲಿ ನೀರಿನ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುವ ಮುಚ್ಚಳ. ಎರಡನ್ನೂ ಕೂಡಿಸಿದರೆ ಈ ಫಿಲ್ಟರು. ಹಾಗೆ ಕೂಡಿಸುವುದು ಆ ಕಸುಬು ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದು. ಆದ್ದರಿಂದ ಇದರಲ್ಲಿ ಹೊಸ ಹೆಜ್ಜೆ ಇಲ್ಲ.

ಓದಿದಾಗ ನನಗೂ ಹೌದಲ್ಲ ಅನ್ನಿಸಿತು. ಭಾವನಿಗೆ ಅದನ್ನು ಹೇಳಲಿಲ್ಲ.

ಬೆಂಗಳೂರಿನ ಪೇಟೆಂಟ್ ಏಜೆಂಟು ಒಬ್ಬ ಹೆಣ್ಣುಮಗಳು, ಚುರುಕು ಮಾತಿನವರು. ಫೋನಿನಲ್ಲಿ ಧೈರ್ಯ ಹೇಳಿದರು. ಕಂಡಮೇಲೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ; ಕಾಣುವ ಮೊದಲು ಯಾರಿಗಾದರೂ ಹೊಳೆದಿತ್ತೇ ಎಂಬುದೇ ಪ್ರಶ್ನೆ. ಹಾಗಾಗಿ ಡ್ರಿಪ್ಪಿನ ಕೆಲಸದಲ್ಲಿ ನುರಿತ ಮೂವರಿಂದ, ‘ನಾವು ವರ್ಷಗಟ್ಟಲೆ ಪಾಚಿಯ ಕಾಟ ಪಟ್ಟಿದ್ದೇವೆ, ಆದರೂ ಈ ಉಪಾಯ ನಮಗೆ ಹೊಳೆದಿರಲಿಲ್ಲ’ ಎಂದು ಅಫಿಡವಿಟ್ ತನ್ನಿ. ಅಷ್ಟೇ ಸರ್, ಸಿಂಪಲ್, ಎಂದರು. ಅವರು ಕೋಲಾರದ ಕಡೆಯವರಲ್ಲ.

ನಮ್ಮ ಕಡೆ ‘ಗೊತ್ತಿಲ್ಲ’ ಎನ್ನುವುದು ಸುಮಾರಾಗಿ ಬೈಗುಳದ ಸಾಲಿಗೆ ಸೇರಿದ ಮಾತು. ದಾರಿ ಕೇಳಿದವನಿಗೂ ಗೊತ್ತಿಲ್ಲ ಎಂದು ಹೇಳುವುದಿಲ್ಲ. ತಪ್ಪು ದಾರಿಯನ್ನು ಎಡ ಬಲ ಸಮೇತ ವಿವರಿಸಿ, ಸಾಲದಿದ್ದರೆ ಬೈಕಿನ ಹಿಂದೆ ಕೂತು ಅರ್ಧ ದಾರಿ ಬರುತ್ತಾರೆ. ಅಂಥವರ ಹತ್ತಿರ ನಾನು ಫೋನಿನಲ್ಲಿ ಫಿಲ್ಟರಿನ ಫೋಟೊ ಹಿಡಿದುಕೊಂಡು, ನಿಮಗೆ ಇದು ಹೊಳೆದಿರಲಿಲ್ಲ ಎಂದು ಬರೆದುಕೊಡಿ ಎಂದು ಕೇಳಲು ಹೊರಟೆ.

ಮೊದಲನೆಯವರು ಕೋಲಾರದಲ್ಲಿ ಡ್ರಿಪ್ ಸಾಮಾನಿನ ಅಂಗಡಿ ಇಟ್ಟಿರುವವರು. ಫೋಟೊ ನೋಡಿದರು, ಕನ್ನಡಕ ತೆಗೆದರು.

“ಇದನ್ನ ನಾನು ಹತ್ತು ವರ್ಷದ ಹಿಂದೇನೇ ಹೇಳಿದ್ದೆ ಕಣ್ರೀ.”

“ಯಾರಿಗೆ ಹೇಳಿದ್ರಿ?”

“ಎಲ್ಲಾರ್ಗೂ ಹೇಳ್ದೆ. ಯಾರು ಕೇಳ್ತಾರೆ ನಮ್ಮ ಮಾತ್ನ.”

ಮಾಲೂರಿನಲ್ಲಿ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ಒಬ್ಬರು ಸಹಿಗೆ ಸಿದ್ಧರಿದ್ದರು, ಪೆನ್ನನ್ನೂ ತೆಗೆದಿದ್ದರು. ಆದರೆ ‘ಹೊಳೆದಿರಲಿಲ್ಲ’ ಎಂಬಲ್ಲಿ ‘ಹೊಳೆದಿತ್ತು, ಮಾಡಲು ಪುರುಸೊತ್ತಾಗಲಿಲ್ಲ’ ಎಂದು ತಿದ್ದಬೇಕೆಂದರು. ಶ್ರೀನಿವಾಸಪುರದ ಮಾವಿನ ನರ್ಸರಿಯವರು ಫೋಟೊ ಪೂರ್ತಿ ತೆರೆದುಕೊಳ್ಳುವ ಮೊದಲೇ, “ಇಂದುಲೋ ಏಮುಂದಿ ಸಾರ್, ಏನಿದೆ ಇದ್ರಲ್ಲಿ, ನಮ್ ತಾತನೇ ಮಾಡ್ತಿದ್ರು ಇದನ್ನ,” ಎಂದರು. ತಾತನ ಕಾಲದಲ್ಲಿ ಡ್ರಿಪ್ಪೇ ಇರಲಿಲ್ಲವಲ್ಲ ಎಂದೆ. ಡ್ರಿಪ್ ಬರಲಿ ಎಂದು ಫಿಲ್ಟರ್ ಮಾಡಿಟ್ಟುಕೊಂಡು ಕಾಯುತ್ತಿದ್ದರು ಎಂಬ ಅರ್ಥದಲ್ಲಿ ಏನೋ ಹೇಳಿದರು. ಮುಳಬಾಗಿಲಿನ ಪಂಪು ರಿಪೇರಿಯವರಂತೂ ನನ್ನ ಮೇಲೆ ಮುನಿಸಿಕೊಂಡರು. ಇಪ್ಪತ್ತು ವರ್ಷದ ಸರ್ವೀಸಿನವರನ್ನು ಕರೆದು ದಡ್ಡ ಎಂದು ಬರೆದುಕೊಡು ಎನ್ನುತ್ತೀರಲ್ಲ, ನಿಮಗೆ ಓದು ಕಲಿಸಿದವರು ಯಾರು ಎಂದು ಕೇಳಿದರು. ಈ ಮಹನೀಯರೆಲ್ಲ ಯಾರದೋ ವಂಶವೃಕ್ಷಕ್ಕೆ, ಯಾರದೋ ವಾಸಸ್ಥಳಕ್ಕೆ ಒಂದಕ್ಷರ ಓದದೆ ಸಾಕ್ಷಿ ಸಹಿ ಹಾಕುವವರು. ಸುಳ್ಳಿಗೆ ಹೆದರುವವರಲ್ಲ. ‘ನನಗೆ ಹೊಳೆದಿರಲಿಲ್ಲ’ ಎಂಬ ನಿಜಕ್ಕೆ ಮಾತ್ರ ಕೈ ಬರುತ್ತಿರಲಿಲ್ಲ.

ಭಾವ ಪ್ರತಿ ಸಂಜೆ ಶಿಫ್ಟು ಮುಗಿಸಿ ಬಂದು, “ಏನ್ ಮೇಷ್ಟ್ರೇ, ಸಿಕ್ಕಿದ್ರಾ ದಡ್ಡರು?” ಎಂದು ಕೇಳುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು. ಪರೀಕ್ಷಕರ ವರದಿಗೆ ಉತ್ತರ ಕೊಡಲು ಉಳಿದ ದಿನಗಳನ್ನು ಅಕ್ಕ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು.

ದಾರಿ ತೋರಿಸಿದ್ದು ನನ್ನ ತರಗತಿ. ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರೆ ಇಡೀ ತರಗತಿ ತಲೆಯಾಡಿಸುತ್ತದೆ, ಗೊತ್ತಿತ್ತು ಸಾರ್ ಎನ್ನುತ್ತದೆ. ಬರೀ ಪ್ರಶ್ನೆ ಬರೆದು ಕೈಕಟ್ಟಿ ನಿಂತರೆ ಫ್ಯಾನಿನ ಸದ್ದು ಕೇಳುತ್ತದೆ. ಇಷ್ಟು ವರ್ಷ ಪಾಠ ಮಾಡಿದವನು ನಾನು ಊರೂರಿಗೆ ಹೋಗಿ ಮೊದಲು ಉತ್ತರ ತೋರಿಸಿ, ಆಮೇಲೆ ಗೊತ್ತಿತ್ತೇ ಎಂದು ಕೇಳುತ್ತಿದ್ದೆ.

ಫೋಟೊ ನೋಡಿದವರು ಕೆಟ್ಟುಹೋದರು ಎಂದು ಬಿಟ್ಟು, ಹೊಸಬರನ್ನು ಹುಡುಕಿದೆ. ಬಿಳಿ ಹಾಳೆ ಕೊಟ್ಟು, ಪಾಚಿ ಕಟ್ಟದ ಹಾಗೆ ನೀವಾದರೆ ಏನು ಮಾಡುತ್ತೀರಿ, ಬರೆದು ತೋರಿಸಿ ಎಂದೆ. ಒಂಬತ್ತು ಚಿತ್ರ ಸಿಕ್ಕವು. ಕೆಲವರು ಎರಡು ಫಿಲ್ಟರುಗಳನ್ನು ಅಕ್ಕಪಕ್ಕ ಬರೆದು ಒಂದು ಕಟ್ಟಿದರೆ ಇನ್ನೊಂದು ಎಂದರು. ಒಬ್ಬರು ಉದ್ದ ಹಿಡಿಯ ಬ್ರಷ್ಷು ಬರೆದರು. ಒಬ್ಬರು ಹೊಂಡಕ್ಕೆಲ್ಲ ಸೊಳ್ಳೆ ಪರದೆ ಹೊದಿಸಿದರು. ವೇಮಗಲ್ಲಿನ ಒಬ್ಬ ರೈತರು ಪಾಚಿ ತಿನ್ನುವ ಮೀನು ಬರೆದರು. ಎಷ್ಟು ಪ್ರೀತಿಯಿಂದ ಬರೆದರೆಂದರೆ ಮೀನಿಗೆ ರೆಪ್ಪೆ ಕೂಡ ಇತ್ತು. ಮಗುಚಿಕೊಳ್ಳುವ ಜಾಲರಿ ಒಂದರಲ್ಲೂ ಇರಲಿಲ್ಲ. ಕೆಳಗೆ ಸಹಿ ಹಾಕಿ ಎಂದರೆ ಎಲ್ಲರೂ ಖುಷಿಯಾಗಿ ಹಾಕಿದರು, ಅದು ಅವರವರ ಸ್ವಂತ ಶೋಧವಲ್ಲವೇ. ಇಬ್ಬರು, ನಾನು ಕದ್ದುಬಿಟ್ಟೇನೆಂದು ಹಾಳೆಯ ಫೋಟೊ ತೆಗೆದಿಟ್ಟುಕೊಂಡರು. ಎಲ್ಲ ಮುಗಿದ ಮೇಲೆ ಭಾವನ ಫಿಲ್ಟರು ತೋರಿಸಿದರೆ ಮೀನಿನವರು, “ನಾನ್ ಬರ್ದಿದ್ದೂ ಅದೇ ಅಲ್ವಾ, ನಿಮ್ದು ತಗಡಲ್ಲಿದೆ,” ಎಂದರು.

ಏಜೆಂಟಿಗೆ ಚಿತ್ರಗಳು ಬಹಳ ಹಿಡಿಸಿದವು. ಆದರೂ ಒಂದಾದರೂ ಅಫಿಡವಿಟ್ ಇರಬೇಕು ಎಂದರು. ನೀವೇ ಕೊಡಿ, ಭೌತಶಾಸ್ತ್ರ ಕಲಿಸುವವರು, ಆ ಜಮೀನಿನ ಡ್ರಿಪ್ಪಿನಲ್ಲಿ ಕೈಯಾಡಿಸಿದವರು. ನೆಂಟರ ಮಾತಿಗೆ ತೂಕ ಕಡಿಮೆ, ಇಲ್ಲದ್ದಕ್ಕಿಂತ ವಾಸಿ. ಒಕ್ಕಣೆ ಅವರೇ ಕಳಿಸಿದರು. ‘ಇಂಥ ವ್ಯವಸ್ಥೆಯನ್ನು ನಾನು ಈ ಮೊದಲು ಎಲ್ಲೂ ಕಂಡಿಲ್ಲ, ಇದು ನನಗೆ ಹೊಳೆದಿರಲಿಲ್ಲ.’

ಪೆನ್ನು ಹಿಡಿದೆ. ಆಗ ಬೈರಕೂರಿನ ನಮ್ಮ ಅಜ್ಜಿ ನೆನಪಾದರು.

ಅಜ್ಜಿಯ ಮನೆಯ ಹಿತ್ತಿಲಲ್ಲಿ ತೊಟ್ಟಿ, ತೊಟ್ಟಿಗೆ ನೀರು ಬೀಳುವ ಪೈಪು, ಪೈಪಿನ ಬಾಯಿಗೆ ಹಳೆ ಪಂಚೆಯ ತುಂಡಿನಿಂದ ಕಟ್ಟಿದ ಚೀಲ. ಚೀಲದಲ್ಲಿ ಕಸ ತುಂಬಿ ಉಬ್ಬಿದಾಗ ಅದು ಪಟ್ಟನೆ ಒಳಹೊರಗಾಗಿ ಮಗುಚಿ, ಕಸ ಪಕ್ಕಕ್ಕೆ ಬೀಳುತ್ತಿತ್ತು. ಅಜ್ಜಿ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಕಣ್ಣಿಗೆ ಕಟ್ಟಿದ ಹಾಗಿತ್ತು, ಪಂಚೆಯ ಕೆಂಪಂಚಿನ ಸಮೇತ. ಹಾಗಿದ್ದರೆ ಭಾವನ ಫಿಲ್ಟರು ಹೊಸದಲ್ಲ, ನಾನು ಹಾಕುವ ಸಹಿ ಸುಳ್ಳು, ಭಾವನ ಹೆಸರು ಈ ಸಲವೂ ಬರುವುದಿಲ್ಲ.

ಆದರೆ ಇಷ್ಟು ದಿನ ಈ ನೆನಪು ಎಲ್ಲಿತ್ತು? ಭಾವ ಮೊದಲ ಸಲ ಫಿಲ್ಟರು ತೋರಿಸಿದಾಗ ಬರಲಿಲ್ಲ. ವರದಿ ಓದಿದಾಗ ಬರಲಿಲ್ಲ. ನನಗೆ ಹೊಳೆದಿರಲಿಲ್ಲ ಎಂದು ನಾನು ಸಹಿ ಹಾಕಬೇಕಾದ ಗಳಿಗೆಗೆ ಸರಿಯಾಗಿ ಬಂತು. ಡ್ರಿಪ್ ಅಂಗಡಿಯವರಿಗೂ ಹತ್ತು ವರ್ಷದ ಹಿಂದಿನ ಮಾತು ಹೀಗೆಯೇ ಬಂದಿರಬಹುದು. ಅವರನ್ನು ಕಂಡು ಮನಸ್ಸಿನಲ್ಲೇ ನಕ್ಕಿದ್ದೆ.

ಭಾನುವಾರ ಬೈರಕೂರಿಗೆ ಹೋದೆ. ಅಜ್ಜಿಯ ಜೊತೆ ಆ ಹಿತ್ತಿಲಲ್ಲಿ ಬದುಕಿದವರಲ್ಲಿ ಈಗ ಇರುವವರು ಚಿಕ್ಕಮ್ಮ ಒಬ್ಬರೇ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನೂ ಒಂದು ಹಿಡಿ ಎಳೆದುಕೊಂಡು ಸುಲಿಯುತ್ತ, ತೊಟ್ಟಿಯ ಪೈಪಿಗೆ ಅಜ್ಜಿ ಪಂಚೆಯ ಚೀಲ ಕಟ್ಟುತ್ತಿದ್ದರಲ್ಲ, ಕಸ ತುಂಬಿದರೆ ಅದು ತಾನೇ ಮಗುಚಿಕೊಳ್ಳುತ್ತಿತ್ತಲ್ಲ, ನೆನಪಿದೆಯೇ ಎಂದು ಕೇಳಿದೆ.

“ನಿಮ್ಮಜ್ಜಿ ಎಲ್ಲಿ ಸೋಸ್ತಿದ್ರು ನಾಯ್ನಾ, ಬಾವಿ ನೀರು ಹಂಗೇ ಕುಡೀತಿದ್ರು,” ಎಂದರು ಚಿಕ್ಕಮ್ಮ. ನಾಲ್ಕು ಕಾಯಿ ಸುಲಿದರು. “ಬಟ್ಟೆ ಕಟ್ತಿದ್ರೇನೋ.” ಇನ್ನೆರಡು ಕಾಯಿ. “ಹೂಂ, ಕಟ್ತಿದ್ರು. ಮಗುಚ್ಕೊಳ್ತಿತ್ತು ಅಂದ್ಯಲ್ಲ, ಹೌದು, ಮಗುಚ್ಕೊಳ್ತಿತ್ತು. ನಾನೇ ಎಷ್ಟು ಸಲ ನೋಡಿದೀನಿ.”

ಅಂಚು ಯಾವ ಬಣ್ಣ ಎಂದು ಕೇಳಿದೆ. ಹಸಿರು ಎಂದರು, ಒಂದು ಕ್ಷಣವೂ ತಡೆಯದೆ.

ಆಗ ನನಗೆ ನನ್ನ ಬುದ್ಧಿಯ ಮೇಲೆ ನಾಚಿಕೆಯಾಯಿತು. ಒಂಬತ್ತು ಜನರ ಮುಂದೆ ಬಿಳಿ ಹಾಳೆ ಇಟ್ಟವನು, ಇದ್ದ ಒಬ್ಬ ಸಾಕ್ಷಿಯ ಮುಂದೆ ಉತ್ತರವನ್ನೇ ಇಟ್ಟಿದ್ದೆ. ಚಿಕ್ಕಮ್ಮನಿಗೆ ಇನ್ನು ಆ ಚೀಲ ಜೀವಮಾನವಿಡೀ ಮಗುಚುತ್ತಿರುತ್ತದೆ. ಸುಲಿದ ಅವರೆಕಾಳನ್ನು ಕವರಿಗೆ ಹಾಕಿ ಕೈಗಿತ್ತರು. ಅದನ್ನು ಹಿಡಿದು ಬಸ್ಸು ಹತ್ತಿದೆ.

ಭಾವನಿಗೆ ಹೇಳದೆ ಇರಲು ಆಗಲಿಲ್ಲ. ಹೊಂಡದ ಹತ್ತಿರ ಇದ್ದರು. ನೆನಪಿನ ಸ್ವಭಾವ, ಕಂಡಮೇಲೆ ಹುಟ್ಟುವ ನೆನಪು, ಚಿಕ್ಕಮ್ಮ, ಹಸಿರಂಚು ಎಲ್ಲವನ್ನೂ ಹೇಳಿದೆ. ಅರ್ಧ ಗಂಟೆ ಹಿಡಿದಿರಬೇಕು. ಭಾವ ಮುಖ ಸಪ್ಪೆ ಮಾಡಿಕೊಂಡು ಪೂರ್ತಿ ಕೇಳಿದರು.

“ನೋಡಿದ್ರೆ ನೋಡಿದೀನಿ ಅನ್ನು, ನಾನು ಅರ್ಜಿ ವಾಪಸ್ ತಗೊಳ್ತೀನಿ. ಇನ್ನೊಬ್ರದ್ದಕ್ಕೆ ನನ್ ಹೆಸ್ರು ಬೇಡ. ಕಾರ್ಖಾನೇಲಿ ಅದನ್ನ ಬೇಕಾದಷ್ಟು ನೋಡ್ಬಿಟ್ಟಿದೀನಿ.”

“ನೋಡಿದೀನೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ ಭಾವ.”

“ಹಂಗಾದ್ರೆ ಕಟ್ಟಿ ನೋಡೋಣ ಇರು,” ಎಂದು ಅಕ್ಕನನ್ನು ಕರೆದು ಹಳೆ ಪಂಚೆ ತರಿಸಿದರು.

ಕಟ್ಟಿ ನೋಡುವುದು. ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಪ್ರಯೋಗಾಲಯದಲ್ಲಿ ಕಳೆದವನಿಗೆ ಅಷ್ಟು ಹೊತ್ತು ಅದು ತೋಚಿರಲಿಲ್ಲ. ನೆನಪಿನ ಸ್ವಭಾವದ ಮೇಲೆ ಇನ್ನೂ ಅರ್ಧ ಗಂಟೆ ಮಾತನಾಡುವಷ್ಟು ಸಾಮಗ್ರಿ ಮಾತ್ರ ಇತ್ತು.

ಪೈಪಿನ ಬಾಯಿಗೆ ಚೀಲ ಕಟ್ಟಿದೆವು, ನನಗೆ ಕಂಡ ಹಾಗೆ. ಮೋಟಾರು ಹಾಕಿ, ಹೊಂಡದಿಂದ ಪಾಚಿ ಬಾಚಿ ನೀರಿಗೆ ಬಿಟ್ಟೆವು. ಚೀಲ ಉಬ್ಬಿತು, ಇನ್ನೂ ಉಬ್ಬಿತು, ಗಂಟು ಕಳಚಿಕೊಂಡು ಟೊಮೇಟೊ ಸಾಲಿಗೆ ಹಾರಿತು. ಬಿಗಿಯಾಗಿ ಕಟ್ಟಿದೆವು, ಹರಿಯಿತು. ಸಡಿಲವಾಗಿ ಕಟ್ಟಿದರೆ ನೀರು ಪಕ್ಕದಿಂದ ಚಿಮ್ಮಿ ಮೂವರೂ ನೆಂದೆವು. ಉದ್ದ ಚೀಲ, ಗಿಡ್ಡ ಚೀಲ, ಎರಡು ಮಡಿಕೆ, ಒಂದು ಮಡಿಕೆ. ಯಾವುದೂ ಮಗುಚಲಿಲ್ಲ. ಮಗುಚಲು ಅದಕ್ಕೆ ಕಾರಣವೇ ಇರಲಿಲ್ಲ. ನೀರು ಒಳಗಿನಿಂದ ಹೊರಗೆ ತಳ್ಳುವಾಗ ಬಟ್ಟೆ ಹೊರಗಿನಿಂದ ಒಳಕ್ಕೆ ಯಾಕೆ ಬರಬೇಕು? ಇದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತೇನೆ.

“ನಿಮ್ಮಜ್ಜಿ ಬೇರೆ ಗಂಟು ಹಾಕ್ತಿದ್ರೇನೋ,” ಎಂದರು ಭಾವ, ನನ್ನ ಮರ್ಯಾದೆ ಉಳಿಸಲು.

ಇರಬಹುದು. ಅಜ್ಜಿಯ ಕೈಗಂಟಿನ ಬಗ್ಗೆ ನಾನು ಖಚಿತವಾಗಿ ಏನೂ ಹೇಳಲಾರೆ. ನನಗೆ ಖಚಿತವಾಗಿ ಗೊತ್ತಾದದ್ದು ಇಷ್ಟು. ಒತ್ತಡದ ಪಾಠ ಮಾಡುವ ನಾನು ಆ ಜಮೀನಿನ ಹಳೆಯ ಫಿಲ್ಟರನ್ನು ಎಷ್ಟೋ ಸಲ ಬಿಚ್ಚಿ ತೊಳೆದಿದ್ದೇನೆ, ಬೈದಿದ್ದೇನೆ, ಮತ್ತೆ ಜೋಡಿಸಿದ್ದೇನೆ, ಒತ್ತಡವನ್ನೇ ಕೆಲಸಕ್ಕೆ ಹಚ್ಚುವ ಯೋಚನೆ ಒಮ್ಮೆಯೂ ಬರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಇಷ್ಟವಿಲ್ಲದೆ ನನ್ನೊಳಗಿನ ಯಾರೋ ಅಜ್ಜಿಯನ್ನು ಎಬ್ಬಿಸಿ ತಂದು ನಿಲ್ಲಿಸಿದ್ದರು. ಮಾರನೆಯ ದಿನ ಸಹಿ ಹಾಕಿದೆ. ಅಜ್ಜಿಯ ಚೀಲವನ್ನೂ ಬಿಡದೆ, ಕಟ್ಟಿ ನೋಡಿದ್ದನ್ನೂ ಬಿಡದೆ ಬರೆಸಿದೆ. ಏಜೆಂಟು ಇದೆಲ್ಲ ಬೇಕಿತ್ತೇ ಎಂದರು, ಬೇಕು ಎಂದೆ. ಮುದ್ರೆ ಹಾಕುವ ಮೊದಲು ನೋಟರಿ ಫಿಲ್ಟರಿನ ವಿವರಣೆಯನ್ನು ಎರಡು ಸಲ ಓದಿ, ಇದರಲ್ಲೇನಿದೆ ಸಾರ್, ಯಾರಿಗಾದರೂ ಹೊಳೆಯುತ್ತಲ್ಲ ಎಂದರು.

ಪೇಟೆಂಟ್ ಕಚೇರಿಯ ವಿಚಾರಣೆ ವೀಡಿಯೊದಲ್ಲಿ ನಡೆಯಿತು. ಭಾವನ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪು, ಅದರ ಮುಂದೆ ಇಸ್ತ್ರಿ ಅಂಗಿಯಲ್ಲಿ ಭಾವ, ಪಕ್ಕದಲ್ಲಿ ಇಂಗ್ಲಿಷಿಗಾಗಿ ನಾನು. ಪರದೆಯ ಒಂದು ಚೌಕದಲ್ಲಿ ಏಜೆಂಟು, ಇನ್ನೊಂದರಲ್ಲಿ ಅಧಿಕಾರಿ. ಅಧಿಕಾರಿ ಒಂಬತ್ತು ಚಿತ್ರಗಳನ್ನು ತಾಳ್ಮೆಯಿಂದ ನೋಡಿದರು, ಮೀನಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು. ನನ್ನ ಅಫಿಡವಿಟ್ಟಿನ ಬಗ್ಗೆ ಏನೂ ಕೇಳಲಿಲ್ಲ. ಕೊನೆಗೆ ಭಾವನನ್ನೇ ಕೇಳಿದರು, ನಿಮಗೆ ಇದು ಹೇಗೆ ಹೊಳೆಯಿತು ಎಂದು. ನಾನು ಕನ್ನಡದಲ್ಲಿ ಹೇಳಿದೆ.

“ಹೊಳೆಯೋದೇನು ಸಾರ್, ದಿನಾ ಬಿಚ್ಚಿ ಬಿಚ್ಚಿ ಕೈ ನೋಯ್ತಿತ್ತು,” ಎಂದರು ಭಾವ.

“ಯಾರ ಕೈ ರೀ?”

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ ಅವಳನ್ನು ನೋಡಿದರು, ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

“ನನ್ ಕೈಯಲ್ಲ ಸಾರ್, ನಮ್ಮನೆಯವ್ರ ಕೈ. ನಾನು ಶಿಫ್ಟಿಗೆ ಹೋಗ್ಬಿಡ್ತೀನಲ್ಲ. ದೋಸೆ ಮಗುಚ್ದಂಗೆ ಅದೇ ಮಗುಚ್ಕೊಂಡ್ರೆ ಇದಕ್ಕೇನ್ ರೋಗ ಅಂತ ದಿನಾ ಬೈತಿದ್ರು. ಆ ಬೈಗುಳ ಕೇಳೋಕಾಗ್ದೆ ಮಾಡ್ದೆ. ಇದನ್ನೂ ಹೇಳ್ಬಿಡಪ್ಪಾ ಅವ್ರಿಗೆ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ, ದೋಸೆಯನ್ನೂ ಸೇರಿಸಿ. ಉಪಾಯವೇ ಹೆಂಡತಿಯದು ಎಂದಾದೀತೆಂದು ಏಜೆಂಟು ಗಾಬರಿಯಾದರು. ಕೂಡಲೇ ಅವರು, ಮಗುಚಬೇಕು ಎಂಬ ಆಸೆ ಬೇರೆ, ಮಗುಚುವ ಉಪಾಯ ಬೇರೆ, ಆಸೆ ಯಾರಿಗಾದರೂ ಇರಬಹುದು, ಕಂಬಿಯನ್ನು ನಡುವಿಗಿಂತ ಪಕ್ಕಕ್ಕೆ ಇಟ್ಟದ್ದೇ ಇಲ್ಲಿ ಹೊಸದು ಎಂದು ವಾದಿಸಿದರು. ಅಧಿಕಾರಿ ಅಕ್ಕನನ್ನೂ ಕೇಳಿದರು; ಕಂಬಿಗಿಂಬಿ ನನಗೆ ಗೊತ್ತಿಲ್ಲ, ಅದೆಲ್ಲ ಅವರದೇ ಎಂದಳು. ಕೋಲಾರ ಜಿಲ್ಲೆಯಲ್ಲಿ ಈ ಕೆಲಸ ಶುರುವಾದಂದಿನಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ಏನೋ ಬರೆದುಕೊಂಡರು.

ಒಂದೆರಡು ತಿಂಗಳಾದ ಮೇಲೆ ಆದೇಶ ಬಂತು. ಪೇಟೆಂಟ್ ಮಂಜೂರಾಗಿತ್ತು, ಕಂಡುಹಿಡಿದವರ ಜಾಗದಲ್ಲಿ ಭಾವನ ಹೆಸರು, ಇನಿಷಿಯಲ್ ಸಮೇತ ಸರಿಯಾಗಿ. ಭಾವ ಅದನ್ನು ಬೆರಳಿಟ್ಟು ಎರಡು ಸಲ ಓದಿಕೊಂಡರು, ಮುಖ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು. ಅಕ್ಕ, ಅದರಲ್ಲಿ ಇನ್ನೇನು ಬರೆದಿದ್ದಾರೆ ಓದು ಎಂದಳು. ಈ ಉಪಾಯ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಲ್ಲ ಎಂದು ಬರೆದಿದ್ದಾರೆ ಎಂದೆ.

“ಕಸುಬು ಬಲ್ಲೋರ್ಗೆ ತಾನೆ?” ಎಂದಳು ಅಕ್ಕ. “ಸರಿಯಾಗೇ ಬರ್ದಿದಾರೆ ಬಿಡು.”

ಕರೆಂಟು ಬಂದಿತ್ತು. ಅವಳು ಮೋಟಾರು ಹಾಕಲು ಹೊಂಡದ ಕಡೆ ಹೋದಳು.